ಪುಡಿಹಿಮದಲ್ಲಿ ಸ್ಕೀಯ ಅಗಲ: ಹಿಮವಾಹನದ ಸ್ಕೀಗಳನ್ನು ಆರಿಸುವ ವಿಚಾರ

ಸ್ನೋಮೊಬೈಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಹಿಮವಾಹನವನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ಚಿತ್ರಗಳಲ್ಲಿ ಮಾತ್ರ ಕಂಡಿರಬಹುದು. ಹಿಂಭಾಗದಲ್ಲಿ ಎಂಜಿನಿನ ಬಲದಿಂದ ತಿರುಗುವ ರಬ್ಬರು ಪಟ್ಟೆ, ಮುಂಭಾಗದಲ್ಲಿ ಹ್ಯಾಂಡಲಿನ ಅಂಕೆಗೆ ಒಳಪಟ್ಟ ಎರಡು ಸ್ಕೀಗಳು, ನಡುವೆ ಕುದುರೆಯ ಜೀನನ್ನು ಹೋಲುವ ಆಸನ—ಇಷ್ಟೇ ಅದರ ಸ್ಥೂಲರೂಪ. ಪಟ್ಟೆಯು ವಾಹನವನ್ನು ದೂಡುತ್ತದೆ. ಸ್ಕೀಗಳು ಅದಕ್ಕೆ ದಿಕ್ಕನ್ನು ಕೊಡುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ, ಐಡಹೊ, ವಯೋಮಿಂಗ್, ಮೊಂಟಾನ ಪ್ರಾಂತಗಳಲ್ಲಿಯೂ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿಯೂ ಪರ್ವತಗಳ ಮೇಲಿನ ಆಳವಾದ ಹೊಸ ಹಿಮದಲ್ಲಿ ಈ ವಾಹನವನ್ನೇರಿ ಸಂಚರಿಸುವವರು ಅನೇಕರಿದ್ದಾರೆ. ಅವರಲ್ಲಿ ಒಂದು ರೂಢಿಯುಂಟು. ಕಾರ್ಖಾನೆಯಿಂದ ವಾಹನದೊಡನೆ ಬಂದ ಸ್ಕೀಗಳನ್ನು ಕಳಚಿಟ್ಟು, ಬೇರೆ ತಯಾರಕರು ಬಿಡಿಯಾಗಿ ಮಾರುವ ಸ್ಕೀಗಳನ್ನು ಕೊಂಡು ಜೋಡಿಸಿಕೊಳ್ಳುತ್ತಾರೆ. ಒಂದು ಜೊತೆಯ ಬೆಲೆ ಕೆಲವು ನೂರು ಡಾಲರುಗಳಾಗುತ್ತದೆ; ಆದುದರಿಂದ ಯಾವುದನ್ನು ಕೊಳ್ಳಬೇಕೆಂಬ ಚರ್ಚೆ ಅವರೊಳಗೆ ಪ್ರತಿ ಚಳಿಗಾಲದಲ್ಲಿಯೂ ಹೊಸದಾಗಿ ಹುಟ್ಟುತ್ತದೆ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಏನಾಗಬೇಕು ಎಂದು ಕೇಳುವವರಿರಬಹುದು. ರಾಜವಂಶಗಳ ಕಾಲನಿರ್ಣಯದಂತೆ ಉಪಕರಣಗಳ ರೂಪನಿರ್ಣಯವೂ ಇತಿಹಾಸದ ವಿಷಯವೇ ಎಂದು ನಾವು ನಂಬಿದ್ದೇವೆ. ಹಲಗೆ ಎಷ್ಟು ಅಗಲವಿರಬೇಕು, ಎಷ್ಟು ಉದ್ದವಿರಬೇಕು, ಅದರ ಅಡಿಮೈ ಹೇಗಿರಬೇಕು ಎಂದು ಇಂದಿನ ಸವಾರನು ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆಯನ್ನು ಐದು ಸಾವಿರ ವರ್ಷಗಳ ಹಿಂದೆ ಉತ್ತರ ಯೂರೋಪಿನ ಬೇಟೆಗಾರನೂ ಕೇಳಿಕೊಂಡಿದ್ದನು. ಅವನು ಕಂಡುಕೊಂಡ ಉತ್ತರವು ಮರದಲ್ಲಿ ಕೆತ್ತಿದ ರೂಪದಲ್ಲಿ ನಮಗೆ ಉಳಿದುಬಂದಿದೆ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಲ್ಲಿ, ಸ್ಕೀಯ ಅಗಲವನ್ನು ನಿರ್ಣಯಿಸುವ ಅಧಿಕಾರವು ಕಾಲಡಿಯ ಹಿಮಕ್ಕೆ ಸೇರಿದುದೆಂಬುದೂ, ಹಿಮವನ್ನು ವಿಚಾರಿಸದೆ ಆರಿಸಿದ ಸ್ಕೀ ಎಷ್ಟೇ ಬೆಲೆಯದಾದರೂ ನಿರುಪಯೋಗವಾಗುವುದೆಂಬುದೂ ಸ್ಪಷ್ಟವಾಗುತ್ತದೆ.

ಹಿಮವೆಂದರೆ ಒಂದೇ ವಸ್ತುವಲ್ಲ. ಶುಷ್ಕವಾದ ಚಳಿಯಲ್ಲಿ ಆಗತಾನೆ ಬಿದ್ದ ಹಿಮವು ಹಿಟ್ಟಿನಂತೆ ಹಗುರವಾಗಿರುತ್ತದೆ; ಒಂದು ಘನ ಮೀಟರು ಹಿಮದ ತೂಕ ಸುಮಾರು ೫೦ರಿಂದ ೧೦೦ ಕಿಲೋಗ್ರಾಂ. ಅಷ್ಟೇ ಗಾತ್ರದ ನೀರು ೧,೦೦೦ ಕಿಲೋಗ್ರಾಂ ತೂಗುವುದೆಂಬುದನ್ನು ನೆನೆದರೆ, ಈ ಹಿಮದಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ಗಾಳಿಯೇ ತುಂಬಿರುವುದು ತಿಳಿಯುತ್ತದೆ. ಇದನ್ನೇ ಪುಡಿಹಿಮವೆಂದು ಕರೆಯುತ್ತೇವೆ. ದಿನಗಳು ಕಳೆದಂತೆ ಅದು ತನ್ನ ಭಾರದಿಂದಲೇ ಕುಗ್ಗಿ ಘನ ಮೀಟರಿಗೆ ೨೦೦ರಿಂದ ೩೦೦ ಕಿಲೋಗ್ರಾಂ ತೂಕಕ್ಕೆ ಬರುತ್ತದೆ. ಬಯಲಿನಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿದ ಹಿಮವು ಇನ್ನೂ ಗಟ್ಟಿಯಾಗಿ ಮನುಷ್ಯನ ಭಾರವನ್ನು ಹೊರುವಂತಾಗುತ್ತದೆ. ಯಂತ್ರಗಳಿಂದ ಮಟ್ಟಮಾಡಿದ ಹಿಮದಾರಿಯಂತೂ ನಮ್ಮ ಜಲ್ಲಿರಸ್ತೆಯಷ್ಟೇ ಗಡುಸು. ಒಂದೇ ಸ್ಕೀಯು ಇವೆಲ್ಲದರ ಮೇಲೂ ಸಮನಾಗಿ ನಡೆಯಬೇಕೆಂದು ಬಯಸುವುದು, ಒಂದೇ ಪಾದರಕ್ಷೆಯಲ್ಲಿ ಗದ್ದೆಯ ಕೆಸರನ್ನೂ ಬಂಡೆಯನ್ನೂ ತುಳಿಯಬೇಕೆಂದು ಬಯಸಿದಂತೆ.

ಇಲ್ಲಿ ಕೆಲಸ ಮಾಡುವ ನಿಯಮ ಸರಳವಾದದ್ದು. ಅರುವತ್ತೈದು ಕಿಲೋಗ್ರಾಂ ತೂಕದ ಮನುಷ್ಯನು ನಡೆಯುವಾಗ ಒಂದು ಪಾದದ ಮೇಲೆ ನಿಂತ ಕ್ಷಣದಲ್ಲಿ ನೆಲದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ೩೦೦ ಗ್ರಾಂಗಳಷ್ಟು ಭಾರವನ್ನು ಹೇರುತ್ತಾನೆ. ಪುಡಿಹಿಮದಲ್ಲಿ ಅವನು ತೊಡೆಯವರೆಗೆ ಹೂತುಹೋಗುವುದು ಆದಕಾರಣವೇ. ಹಿಮವಾಹನದ ಒಂದು ಸ್ಕೀಯ ಮೇಲೆ ೫೦ ಕಿಲೋಗ್ರಾಂ ಭಾರ ಬಿದ್ದಿದೆಯೆಂದೂ, ಅದರ ಒಂದು ಮೀಟರು ಉದ್ದವು ಹಿಮವನ್ನು ಮುಟ್ಟಿದೆಯೆಂದೂ ಲೆಕ್ಕಕ್ಕಾಗಿ ಊಹಿಸೋಣ. ಸ್ಕೀಯ ಅಗಲ ೧೩ ಸೆಂಟಿಮೀಟರಾದರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ೩೮ ಗ್ರಾಂ. ೨೦ ಸೆಂಟಿಮೀಟರಾದರೆ ೨೫ ಗ್ರಾಂ. ಏಳು ಸೆಂಟಿಮೀಟರು, ಅಂದರೆ ಮೂರು ಅಂಗುಲಕ್ಕೂ ಕಡಮೆಯಾದ ಈ ಹೆಚ್ಚಳದಿಂದ ಒತ್ತಡವು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿತು. ಸ್ಕೀಯು ತನ್ನ ಅಡಿಯ ಹಿಮವನ್ನು ಅದುಮುತ್ತ ಕೆಳಗಿಳಿಯುತ್ತದೆ. ಅದುಮಿಸಿಕೊಂಡ ಹಿಮವು ಗಟ್ಟಿಯಾಗಿ ಎದುರು ನಿಂತ ಕಡೆ ಇಳಿಯುವುದು ನಿಲ್ಲುತ್ತದೆ. ಒತ್ತಡ ಕಡಮೆಯಾದಷ್ಟೂ ಆ ನಿಲುಗಡೆ ಮೇಲ್ಮೈಗೆ ಸಮೀಪವಾಗುತ್ತದೆ. ಕರಾವಳಿಯ ಕಂಬಳವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕೋಣಗಳು ಎಳೆಯುವ ಅಡ್ಡಹಲಗೆಯ ಮೇಲೆ ನಿಂತವನು ಕೆಸರಿನ ಮೇಲೆ ತೇಲಿಹೋಗುತ್ತಾನೆ. ಅದೇ ಕೆಸರಿನಲ್ಲಿ ಬರಿಗಾಲು ಹೂಳುತ್ತದೆ.

ಪ್ರಾಚೀನರು ಈ ಲೆಕ್ಕವನ್ನು ಅಂಕಿಗಳಿಲ್ಲದೆ ಮಾಡಿದ್ದರು. ೧೯೨೪ರಲ್ಲಿ ಸ್ವೀಡನ್ ದೇಶದ ಉತ್ತರಭಾಗದ ಕಾಲ್ವ್‌ತ್ರೆಸ್ಕ್ ಎಂಬ ಗ್ರಾಮದ ಬಳಿ ಜೌಗುಮಣ್ಣಿನಲ್ಲಿ ಒಂದು ಜೊತೆ ಸ್ಕೀಗಳು ದೊರೆತವು. ಅವುಗಳೊಡನೆ ಸಲಿಕೆಯ ಆಕಾರದ ತುದಿಯುಳ್ಳ ಒಂದು ಕೋಲೂ ಇದ್ದಿತು. ಇವು ಸುಮಾರು ೫,೨೦೦ ವರ್ಷಗಳಷ್ಟು ಹಳೆಯವೆಂದು ನಿರ್ಣಯವಾಗಿದೆ; ಈಗ ಊಮಿಯೊ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಉದ್ದ ೨೦೪ ಸೆಂಟಿಮೀಟರು, ಅಗಲ ೧೫ ಸೆಂಟಿಮೀಟರಿಗೂ ತುಸು ಹೆಚ್ಚು. ಇದಕ್ಕೆ ಹೋಲಿಸತಕ್ಕ ಇನ್ನೊಂದು ಶೋಧ ನಾರ್ವೆಯದು. ಅಲ್ಲಿನ ಡಿಗರ್‌ವಾರ್ಡೆನ್ ಪರ್ವತದಲ್ಲಿ ಕರಗುತ್ತಿದ್ದ ಮಂಜುಗಡ್ಡೆಯೊಳಗಿಂದ ೨೦೧೪ರಲ್ಲಿ ಒಂದು ಸ್ಕೀಯೂ, ಏಳು ವರ್ಷಗಳ ತರುವಾಯ ೨೦೨೧ರಲ್ಲಿ ಅದರ ಜೊತೆಯದೂ ಹೊರಬಂದವು. ಸುಮಾರು ೧,೩೦೦ ವರ್ಷಗಳ ಹಿಂದಿನ ಈ ಜೋಡಿಯಲ್ಲಿ ಎರಡನೆಯದರ ಉದ್ದ ೧೮೭ ಸೆಂಟಿಮೀಟರು, ಅಗಲ ೧೭ ಸೆಂಟಿಮೀಟರು. ಇಂದು ಆಳಹಿಮಕ್ಕೆಂದು ಮಾರುವ ಹಿಮವಾಹನದ ಸ್ಕೀಗಳ ಅಗಲವು ಸುಮಾರು ಏಳರಿಂದ ಒಂಬತ್ತು ಅಂಗುಲ, ಅಂದರೆ ೧೮ರಿಂದ ೨೩ ಸೆಂಟಿಮೀಟರುಗಳ ನಡುವೆ ಇರುತ್ತದೆ. ಭಾರವೂ ಬೇರೆ, ವೇಗವೂ ಬೇರೆ, ವಸ್ತುವೂ ಬೇರೆ. ಆದರೂ ಆ ಬೇಟೆಗಾರನ ಹಲಗೆಗೂ ಈ ಯಂತ್ರದ ಹಲಗೆಗೂ ಅಗಲದಲ್ಲಿ ಒಂದೆರಡು ಅಂಗುಲಗಳ ಅಂತರ ಮಾತ್ರ ಇರುವುದು ವಿಚಾರಾರ್ಹವಾದ ಸಂಗತಿ. ಸ್ಕೀ ಎಂಬ ಶಬ್ದವೇ ಸೀಳಿದ ಮರದ ತುಂಡು ಎಂಬರ್ಥದ ಪ್ರಾಚೀನ ನಾರ್ಸ್ ಪದದಿಂದ ಬಂದುದು.

ಅಗಲವಾದುದೇ ಎಲ್ಲೆಡೆಯೂ ಮೇಲೆಂದು ಇದರಿಂದ ತೀರ್ಮಾನಿಸಲಾಗದು. ಉತ್ತರ ಅಮೆರಿಕದ ಮೂಲನಿವಾಸಿಗಳ ಎರಡು ಬಗೆಯ ಜಾರುಬಂಡಿಗಳು ಈ ಮಾತಿಗೆ ಅತ್ಯುತ್ತಮ ಸಾಕ್ಷ್ಯವನ್ನು ಒದಗಿಸುತ್ತವೆ. ಮರಗಳ ಮರೆಯಲ್ಲಿ ಗಾಳಿ ತಾಗದೆ ಹಿಮವು ಮೃದುವಾಗಿ ಆಳವಾಗಿ ಉಳಿಯುವ ಕಾಡುಗಳಲ್ಲಿ ವಾಸಿಸುವ ಕ್ರೀ ಮೊದಲಾದ ಜನರು ತಬಾಗನ್ ಎಂಬ ಬಂಡಿಯನ್ನು ಬಳಸಿದರು. ಇದಕ್ಕೆ ಕಾಲುಗಳಿಲ್ಲ, ಮುಂದಿನ ತುದಿಯನ್ನು ಮೇಲಕ್ಕೆ ಸುರುಳಿ ಬಗ್ಗಿಸಿದ ತೆಳುವಾದ ಹಲಗೆಯೇ ಬಂಡಿ, ಅದರ ಇಡೀ ಅಡಿಮೈ ಹಿಮದ ಮೇಲೆ ಒರಗುತ್ತದೆ. ಅವರಿಗಿಂತ ಉತ್ತರದಲ್ಲಿ, ಮರಗಳಿಲ್ಲದ ಬಯಲಿನಲ್ಲಿಯೂ ಹೆಪ್ಪುಗಟ್ಟಿದ ಸಮುದ್ರದ ಮೇಲೆಯೂ ಗಾಳಿಬಡಿದ ಗಟ್ಟಿಹಿಮದಲ್ಲಿ ಓಡಾಡುವ ಇನ್ಯುಯಿಟ್ ಜನರ ಖಾಮುಟಿಕ್ ಬಂಡಿಗೆ ಎತ್ತರವಾದ, ಕಿರಿದಾದ ಎರಡು ಉದ್ದನೆಯ ಕಾಲುಗಳು. ಆ ಕಾಲುಗಳ ಅಡಿಗೆ ಮಣ್ಣನ್ನು ಮೆತ್ತಿ ಅದರ ಮೇಲೆ ನೀರಿನ ತೆಳು ಲೇಪ ಕೊಟ್ಟು ಹೆಪ್ಪುಗಟ್ಟಿಸಿ ನುಣುಪು ಮಾಡುತ್ತಿದ್ದರು. ಗಟ್ಟಿನೆಲದಲ್ಲಿ ತಬಾಗನ್ ಪಕ್ಕಕ್ಕೆ ಜಾರಿ ತನ್ನಿಚ್ಛೆಯಂತೆ ಹೋಗುತ್ತದೆ. ಕಾಡಿನ ಪುಡಿಹಿಮದಲ್ಲಿ ಖಾಮುಟಿಕ್ ಮುಳುಗುತ್ತದೆ. ಇಂದಿನ ಸ್ಕೀ ತಯಾರಕನು ಈ ಎರಡು ಬಂಡಿಗಳನ್ನೂ ಒಂದೇ ಹಲಗೆಯಲ್ಲಿ ಅಡಕಮಾಡಲು ಪ್ರಯತ್ನಿಸುತ್ತಿದ್ದಾನೆ ಎಂದರೆ ಅವನ ಕಷ್ಟವನ್ನು ಬಹುಮಟ್ಟಿಗೆ ಹೇಳಿದಂತಾಯಿತು.

ಇನ್ನು ಯಂತ್ರದ ಕಡೆಗೆ ಬರೋಣ. ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸನ ಮೋಟಾರುಗಳ ಮೇಲ್ವಿಚಾರಕನಾಗಿದ್ದ ಫ್ರೆಂಚ್ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ ಎಂಬಾತನು ಮೋಟಾರು ಗಾಡಿಯ ಹಿಂಚಕ್ರಗಳಿಗೆ ಬದಲಾಗಿ ಬಾಗುವ ಪಟ್ಟೆಗಳನ್ನು ಜೋಡಿಸುವ ವಿಧಾನವನ್ನು ರೂಪಿಸಿದನು. ಚಳಿಗಾಲದಲ್ಲಿ ಮುಂಚಕ್ರಗಳ ಕಡೆ ಸ್ಕೀಗಳು ಬರುತ್ತಿದ್ದವು. ಲೆನಿನ್ ಬಳಸಿದ ಇಂಥ ಒಂದು ರೋಲ್ಸ್ ರಾಯ್ಸ್ ಗಾಡಿಯನ್ನು ಮಾಸ್ಕೋ ಸಮೀಪದ ಗೋರ್ಕಿಯಲ್ಲಿ ಇರಿಸಿದ್ದಾರೆ. ಒಬ್ಬನೇ ಸವಾರಿ ಮಾಡುವ ಸಣ್ಣ ಹಿಮವಾಹನದ ಹುಟ್ಟು ಮಾತ್ರ ಅರಮನೆಯಲ್ಲಲ್ಲ, ಹಳ್ಳಿಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಸೇನರ್ ಎಂಬ ಊರಿನ ಕಾರ್ಲ್ ಎಲಿಯಾಸನ್ ೧೯೨೪ರಲ್ಲಿ ದೋಣಿಗೆ ಕಟ್ಟುವ ಸಣ್ಣ ಎಂಜಿನನ್ನೂ ಬೈಸಿಕಲ್ಲಿನ ಬಿಡಿಭಾಗಗಳನ್ನೂ ಸೇರಿಸಿ ತನ್ನ ಮೊದಲ ವಾಹನವನ್ನು ಕಟ್ಟಿದನು. ಪಾದದ ಊನದಿಂದಾಗಿ ಹಿಮದಲ್ಲಿ ಗೆಳೆಯರೊಡನೆ ನಡೆಯುವುದು ಅವನಿಗೆ ಪ್ರಯಾಸಕರವಾಗಿತ್ತು. ೧೯೨೭ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಅವನ ವಾಹನಕ್ಕೆ ಮೋಟಾರು ತಬಾಗನ್ ಎಂದೇ ಹೆಸರಾಯಿತೆಂಬುದನ್ನು ವಾಚಕರು ಗಮನಿಸಬೇಕು. ಒಡಲು ಕಾಡಿನ ಜನರ ಹಲಗೆಬಂಡಿ. ಅದರ ಮುಂದೆ ಹಗ್ಗದಿಂದ ತಿರುಗಿಸುವ ಎರಡು ಸ್ಕೀಗಳು. ಭಾರವನ್ನು ಹೊರುವುದು ಬಂಡಿಯ ಕೆಲಸ, ದಿಕ್ಕು ತೋರುವುದು ಸ್ಕೀಯ ಕೆಲಸ ಎಂಬ ವಿಭಾಗವು ಇಲ್ಲಿಯೇ ಆರಂಭವಾಗುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಗ್ರಾಮದ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆಯ ಕಥೆ ಹೆಚ್ಚು ಪ್ರಸಿದ್ಧ. ೧೯೦೭ರಲ್ಲಿ ಹುಟ್ಟಿದ ಈತನು ತನ್ನ ಹದಿನೈದನೆಯ ವಯಸ್ಸಿನಲ್ಲಿ, ೧೯೨೨ರ ಕೊನೆಯ ದಿನದಂದು, ಫೋರ್ಡ್ ಎಂಜಿನಿಗೆ ವಿಮಾನದಂಥ ಪಂಖವನ್ನು ಜೋಡಿಸಿದ ಜಾರುಬಂಡಿಯನ್ನು ಊರಬೀದಿಯಲ್ಲಿ ಓಡಿಸಿದನು. ಹನ್ನೆರಡು ವರ್ಷಗಳ ಮೇಲೆ, ೧೯೩೪ರ ಚಳಿಗಾಲದಲ್ಲಿ, ಅವನ ಎರಡು ವರ್ಷದ ಮಗ ಇವೊನ್ ಹೊಟ್ಟೆಯೊಳಗಿನ ಉರಿಯೂತದಿಂದ ನರಳಿದಾಗ ರಸ್ತೆಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದವು. ಆಸ್ಪತ್ರೆಗೆ ಒಯ್ಯುವ ಮಾರ್ಗವಿಲ್ಲದೆ ಮಗು ತೀರಿಕೊಂಡಿತು. ಅದಕ್ಕೆ ಮೊದಲೂ ಬೊಂಬಾರ್ಡಿಯೆ ಪ್ರಯೋಗಗಳಲ್ಲಿ ತೊಡಗಿದ್ದನು. ಅನಂತರ ಅವು ಬೇಗ ಸಿದ್ಧಿಗೆ ಬಂದವು. ರಬ್ಬರು ಹೊದಿಸಿದ ಹಲ್ಲುಚಕ್ರದಿಂದ ಪಟ್ಟೆಯನ್ನು ತಿರುಗಿಸುವ ಅವನ ವಿಧಾನಕ್ಕೆ ೧೯೩೭ರಲ್ಲಿ ಪೇಟೆಂಟು ಬಂದಿತು. ಏಳು ಜನ ಕುಳಿತುಕೊಳ್ಳುವ ಬಿ-೭ ಎಂಬ ಮುಚ್ಚುಗಾಡಿಯೂ ಆ ಕಾಲದ್ದೇ. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅವನ ಗಾಡಿಗಳಲ್ಲಿ ಸಂಚರಿಸಿದರು. ೧೯೪೮ರಲ್ಲಿ ಗ್ರಾಮಾಂತರ ರಸ್ತೆಗಳ ಹಿಮವನ್ನೂ ತೆಗೆಸಬೇಕೆಂದು ಕ್ವಿಬೆಕ್ ಸರ್ಕಾರ ವಿಧಿಸಿದಾಗ ದೊಡ್ಡ ಗಾಡಿಗಳ ಬೇಡಿಕೆ ಕುಸಿಯಿತು. ೧೯೫೯ರಲ್ಲಿ ಅವನು ಹೊರತಂದ ಸಣ್ಣ ವಾಹನವೇ ಸ್ಕೀ-ಡೂ. ಅದರ ಸ್ಕೀಗಳು ಮರದವು, ಸುಮಾರು ಐದು ಅಡಿ ಉದ್ದದವು.

ಇದೇ ಹೊತ್ತಿಗೆ ಅಮೆರಿಕದ ಮಿನಸೋಟ ಪ್ರಾಂತದ ರೋಸೋ ಎಂಬ ಊರಿನಲ್ಲಿ, ಮುಂದೆ ಪೊಲಾರಿಸ್ ಎಂದು ಖ್ಯಾತವಾದ ಕಾರ್ಖಾನೆಯವರು ೧೯೫೬ರಲ್ಲಿ ತಮ್ಮ ಮೊದಲ ಹಿಮವಾಹನವನ್ನು ಕಟ್ಟಿದ್ದರು. ಧಾನ್ಯವನ್ನು ಮೇಲಕ್ಕೆ ಸಾಗಿಸುವ ಯಂತ್ರದ ಸರಪಳಿಯಿಂದ ಅದರ ಪಟ್ಟೆಯನ್ನು ಮಾಡಿದರು; ಸ್ಕೀಗಳಿಗಾಗಿ ಹಳೆಯ ಷೆವ್ರೊಲೆ ಮೋಟಾರಿನ ಬಂಪರನ್ನು ಕತ್ತರಿಸಿದರು. ಬಂಪರಿಗೆ ಮುಂದೆ ಬಾಗಿದ ಮೂತಿ ಸಿದ್ಧವಾಗಿಯೇ ಇರುತ್ತದೆ, ಉಕ್ಕು ಗಟ್ಟಿ, ಅಷ್ಟು ಸಾಕಾಯಿತು. ೧೯೬೦ರಲ್ಲಿ ಆ ಕಾರ್ಖಾನೆಯ ಎಡ್ಗರ್ ಹೆಟೀನ್ ಸಂಗಡಿಗರೊಡನೆ ಅಲಾಸ್ಕದ ಬೆಥೆಲಿನಿಂದ ಫೇರ್‌ಬ್ಯಾಂಕ್ಸಿನವರೆಗೆ ಸಾವಿರ ಮೈಲಿಗೂ ಹೆಚ್ಚು ದೂರ ಪಯಣಿಸಿ ಈ ವಾಹನದ ಸಾಮರ್ಥ್ಯವನ್ನು ಪ್ರಚಾರಪಡಿಸಿದನು. ಈ ಮೊದಲ ತಲೆಮಾರಿನ ಕರ್ತೃಗಳಿಗೆಲ್ಲ ಸ್ಕೀಯು ಎರಡನೆಯ ದರ್ಜೆಯ ಅಂಗವಾಗಿತ್ತೆಂಬುದು ನಮ್ಮ ಅಭಿಪ್ರಾಯ. ಅವರ ಬುದ್ಧಿಶಕ್ತಿಯೆಲ್ಲ ಪಟ್ಟೆಗೂ ಎಂಜಿನಿಗೂ ವ್ಯಯವಾಯಿತು. ಮುಂದಿನ ಹಲಗೆಗಳಿಗೆ ಕೈಗೆ ಸಿಕ್ಕಿದುದು ಸಾಕಾಗಿತ್ತು. ವೇಗ ಕಡಮೆಯಿದ್ದಾಗ, ನಡೆಯುವ ಹಾದಿ ಊರಿನಿಂದ ಊರಿಗೆ ಇದ್ದಾಗ, ಅದು ತಪ್ಪೂ ಆಗಿರಲಿಲ್ಲ.

ಆ ವಾಹನದಿಂದ ಜನಜೀವನದಲ್ಲಿ ಆದ ಪಲ್ಲಟವು ಬೇರೊಂದು ಪ್ರಬಂಧಕ್ಕೆ ವಿಷಯವಾಗತಕ್ಕದ್ದು. ಫಿನ್ಲೆಂಡಿನ ಉತ್ತರದಲ್ಲಿ ಹಿಮಸಾರಂಗಗಳನ್ನು ಸಾಕುವ ಸ್ಕೋಲ್ಟ್ ಸಾಮಿ ಜನರ ನಡುವೆ ೧೯೬೦ರ ದಶಕದ ಆದಿಯಲ್ಲಿ ಹಿಮವಾಹನ ಕಾಲಿಟ್ಟು, ಹತ್ತು ವರ್ಷಗಳೊಳಗೆ ಸಾರಂಗ ಎಳೆಯುವ ಬಂಡಿಯನ್ನೂ ಸ್ಕೀ ತೊಟ್ಟು ಹಿಂಡನ್ನು ಕಾಯುವ ಪದ್ಧತಿಯನ್ನೂ ಬಹುಮಟ್ಟಿಗೆ ಹಿಂದಕ್ಕೆ ತಳ್ಳಿತು. ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದ್ದಾನೆ. ವಾಹನವನ್ನೂ ಪೆಟ್ರೋಲನ್ನೂ ಕೊಳ್ಳಲಾರದ ಕುಟುಂಬಗಳು ಸಾಕಣೆಯಿಂದಲೇ ಹೊರಬಿದ್ದವು. ಐದು ಸಾವಿರ ವರ್ಷ ಮನುಷ್ಯನ ಕಾಲಿಗಿದ್ದ ಸ್ಕೀಯು ಯಂತ್ರದ ಕಾಲಿಗೆ ಹೋದುದರ ಬೆಲೆಯನ್ನು ತೆತ್ತವರಲ್ಲಿ ಅವರೂ ಸೇರಿದ್ದಾರೆ.

ವಿನೋದಕ್ಕಾಗಿ ಸವಾರಿ ಮಾಡುವವರ ಸಂಖ್ಯೆ ಬೆಳೆದಂತೆ ಹಿಮವಾಹನವು ಎರಡು ಕವಲಾಯಿತು. ಮಟ್ಟಮಾಡಿದ ಹಾದಿಗಳಲ್ಲಿ ಓಡುವುದಕ್ಕೆ ಐದಾರು ಅಂಗುಲ ಅಗಲದ, ಚುರುಕಾಗಿ ತಿರುಗುವ ಸ್ಕೀಗಳು ಬಂದವು. ಪರ್ವತದ ವಾಹನಗಳಲ್ಲಿ ಮೊದಲು ಬದಲಾದುದು ಪಟ್ಟೆ. ಅದು ಉದ್ದವಾಗುತ್ತ ಹೋಗಿ ಸುತ್ತಳತೆ ೧೫೪, ೧೬೫ ಅಂಗುಲಗಳಿಗೂ ಮೇಲಕ್ಕೂ ಮುಟ್ಟಿತು. ಹಿಮವನ್ನು ತೋಡಿ ಹಿಂದಕ್ಕೆ ಎಸೆಯುವ ಅದರ ರಬ್ಬರು ಹಲ್ಲುಗಳು ಮೂರು ಅಂಗುಲ ಎತ್ತರಕ್ಕೆ ಬೆಳೆದವು. ಹಿಂಭಾಗವು ಹೀಗೆ ಹಿಮದ ಮೇಲೆ ತೇಲತೊಡಗಿದೊಡನೆ ಮುಂಭಾಗದ ದೋಷವು ಎದ್ದುಕಂಡಿತು. ಇಳಿಜಾರಿನಲ್ಲಿ ಕೆಳಗಿಳಿಯುವಾಗ ಅಥವಾ ಹಳ್ಳವನ್ನು ದಾಟುವಾಗ ವಾಹನದ ಭಾರವು ಮುಂದಕ್ಕೆ ವಾಲುತ್ತದೆ. ಕಿರಿದಾದ ಸ್ಕೀಗಳು ಆಗ ಹಿಮದೊಳಕ್ಕೆ ಮೂತಿ ತೂರಿಸಿ ಧುಮುಕುತ್ತವೆ. ಅವುಗಳ ಬೆನ್ನ ಮೇಲೆ ಹಿಮ ಕವಿಯುತ್ತದೆ. ವಾಹನವು ತಾನೇ ತೋಡಿದ ಗುಂಡಿಯಲ್ಲಿ ನಿಲ್ಲುತ್ತದೆ. ಸವಾರನನ್ನು ಬಿಟ್ಟು ಇನ್ನೂರು ಕಿಲೋಗ್ರಾಂಗಳಿಗೂ ಮೇಲ್ಪಟ್ಟು ತೂಗುವ ಯಂತ್ರವನ್ನು, ಎದೆಮಟ್ಟದ ಹಿಮದಲ್ಲಿ ನಿಂತು ಒಬ್ಬನೇ ಎತ್ತಿ ಹೊರತೆಗೆಯುವುದೆಂದರೆ ಸಾಮಾನ್ಯವಾದ ಕೆಲಸವಲ್ಲ. ಸಂಜೆಯ ಹೊತ್ತಾಗಿದ್ದು, ಚಳಿ ಏರುತ್ತಿದ್ದು, ಮೈ ಬೆವರಿನಿಂದ ತೊಯ್ದಿದ್ದರೆ ಪ್ರಾಣಕ್ಕೇ ಸಂಚಕಾರ. ಪರ್ವತದ ಸವಾರನು ಸ್ಕೀಯ ಅಗಲವನ್ನು ಅಷ್ಟು ಚಿಂತಿಸುವುದು ಇದಕ್ಕಾಗಿ.

ಸ್ಕೀಯ ಮೂತಿಯಿಂದ ಪರೀಕ್ಷೆಯನ್ನು ಆರಂಭಿಸುವುದು ಯುಕ್ತ. ಪುಡಿಹಿಮವು ವೇಗದಲ್ಲಿ ನೀರಿನಂತೆ ವರ್ತಿಸುತ್ತದೆ. ದೋಣಿಯು ವೇಗವಾಗಿ ಹೋಗುವಾಗ ನೀರಿನಿಂದ ಮೇಲಕ್ಕೆದ್ದು ಓಡುವಂತೆ ಸ್ಕೀಯೂ ಏಳುತ್ತದೆ. ನಿಧಾನವಾದಾಗ ಮತ್ತೆ ಇಳಿಯುತ್ತದೆ. ಹೀಗಿರುವಲ್ಲಿ, ನಿಂತ ವಾಹನವು ಮತ್ತೆ ಹೊರಡುವಾಗ ಹಿಮದ ಮೇಲಕ್ಕೆ ಹತ್ತಲು ಅನುಕೂಲವಾಗುವಂತೆ ಮೂತಿಯು ದೂರದಿಂದಲೇ ಮೆಲ್ಲಮೆಲ್ಲನೆ ಮೇಲೇರಿರಬೇಕು. ತುದಿಯಲ್ಲಿ ಥಟ್ಟನೆ ಬಗ್ಗಿದ ಮೂತಿ ಹಿಮವನ್ನು ಹತ್ತುವುದಕ್ಕೆ ಬದಲು ದೂಡುತ್ತದೆ. ಕಾಲಿಗೆ ತೊಡುವ ಸ್ಕೀಗಳಲ್ಲಿಯೂ ಈ ತತ್ತ್ವ ತಡವಾಗಿಯೇ ಬಂದಿತು. ಷೇನ್ ಮಕಾಂಕಿ ಎಂಬ ಸಾಹಸಿ ಸ್ಕೀಪಟು ನೀರಿನ ಮೇಲೆ ಬಳಸುವ ಸ್ಕೀಗಳನ್ನೇ ಅಲಾಸ್ಕದ ಆಳಹಿಮದಲ್ಲಿ ತೊಟ್ಟು ಪರೀಕ್ಷಿಸಿದನು. ಅವನ ಆಲೋಚನೆಯಂತೆ ಎರಡು ತುದಿಗಳೂ ಮೇಲೆದ್ದ ಸ್ಕೀಯು ೨೦೦೨ರ ಸುಮಾರಿಗೆ ಮಾರುಕಟ್ಟೆಗೆ ಬಂದಿತು. ತಬಾಗನ್ನಿನ ಸುರುಳಿಮೂತಿಯನ್ನು ಕಂಡವರಿಗೆ ಇದರಲ್ಲಿ ಅಷ್ಟೊಂದು ಹೊಸತನ ಕಾಣದಿರಬಹುದು. ಮೂತಿಯೊಡನೆ ಬೆನ್ನನ್ನೂ ನೋಡಬೇಕು: ಮೇಲ್ಮೈ ಉಬ್ಬಾಗಿದ್ದರೆ ಕವಿದ ಹಿಮ ಜಾರಿಬೀಳುತ್ತದೆ, ತೊಟ್ಟಿಯಂತೆ ತಗ್ಗಾಗಿದ್ದರೆ ಅಲ್ಲಿಯೇ ಕೂತು ಮುಂಭಾಗಕ್ಕೆ ಭಾರವಾಗುತ್ತದೆ.

ಉದ್ದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಉದ್ದ ಹೆಚ್ಚಿದರೂ ತೇಲುವ ಗುಣ ಹೆಚ್ಚುತ್ತದೆ. ಆದರೆ ಮರಗಳ ನಡುವೆ ನುಸುಳಿ ತಿರುಗಬೇಕಾದವನಿಗೆ ಉದ್ದನೆಯ ಸ್ಕೀಯೊಂದು ತೊಡಕು.

ಅಡಿಮೈಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಕೊಳ್ಳುವವರು ಅಗಲವನ್ನು ಅಳೆದು ಇದನ್ನು ಮರೆಯುವುದೇ ಹೆಚ್ಚು. ಹಿಮವಾಹನದ ಸ್ಕೀಯ ಕೆಳಗೆ ಉದ್ದಕ್ಕೂ ದೋಣಿಯ ತಳಗಟ್ಟಿನಂತೆ ಒಂದು ಏಣು ಇರುತ್ತದೆ. ಆ ಏಣಿನ ಅಡಿಯಲ್ಲಿ ಉಕ್ಕಿನ ಸರಳೊಂದನ್ನು ಬೋಲ್ಟುಗಳಿಂದ ಬಿಗಿದು, ಸರಳಿಗೆ ಬಹಳ ಗಡುಸಾದ ಟಂಗ್‌ಸ್ಟನ್ ಕಾರ್ಬೈಡಿನ ತುಂಡುಗಳನ್ನು ಬೆಸೆದಿರುತ್ತಾರೆ. ಗಟ್ಟಿಹಾದಿಯಲ್ಲಿ ಈ ಕಾರ್ಬೈಡು ಮಂಜುಗಡ್ಡೆಯನ್ನು ಕಚ್ಚಿ ವಾಹನವನ್ನು ತಿರುಗಿಸುತ್ತದೆ. ಪುಡಿಹಿಮದಲ್ಲಿ ಕಚ್ಚುವುದಕ್ಕೆ ಏನೂ ಇಲ್ಲ. ಅಲ್ಲಿ ತಿರುಗಿಸುವ ಕೆಲಸ ಏಣಿನ ಪಕ್ಕದ ಗೋಡೆಗಳದು. ಏಣು ಆಳವಾದಷ್ಟೂ ಸ್ಕೀಯು ಪಕ್ಕಕ್ಕೆ ಜಾರದೆ ಹಿಡಿದ ದಿಕ್ಕಿನಲ್ಲಿ ಹೋಗುತ್ತದೆ. ಬರಿಯ ಚಪ್ಪಟೆ ಹಲಗೆ ಎಷ್ಟು ಅಗಲವಾದರೂ ತೇಲಿಸುತ್ತದೆ, ಆದರೆ ಮಾತು ಕೇಳುವುದಿಲ್ಲ. ಸಿಮನ್ಸ್ ಕಂಪೆನಿಯ ಫ್ಲೆಕ್ಸಿ-ಸ್ಕೀ ಎಂಬುದರಲ್ಲಿ ಒಂದರ ಬದಲು ಎರಡು ಏಣುಗಳಿದ್ದು, ಅವುಗಳ ನಡುವೆ ಹಿಮವು ಕಾಲುವೆಯಲ್ಲಿಯಂತೆ ಒತ್ತಿ ಹರಿಯುತ್ತದೆ. ಅಗಲವನ್ನೂ ಹಿಡಿತವನ್ನೂ ಕೂಡಿಸುವುದಕ್ಕೆ ಇದೊಂದು ಯುಕ್ತಿ. ನಾರ್ಡಿಕ್ ದೇಶಗಳ ಅನೇಕ ಹಳೆಯ ಸ್ಕೀಗಳ ಅಡಿಯಲ್ಲಿ ನೇರವಾಗಿ ಹೋಗಲೆಂದು ಉದ್ದಕ್ಕೆ ತೋಡಿದ ಗೀರು ಇರುತ್ತದೆ. ಉದ್ದೇಶ ಅದೇ, ಉಪಾಯ ಮಾತ್ರ ತಲೆಕೆಳಗು.

ಏಣಿಗೂ ಅಂಚಿಗೂ ನಿಜವಾದ ಪರೀಕ್ಷೆಯೆಂದರೆ ಬೆಟ್ಟದ ಮೈಗೆ ಅಡ್ಡಲಾಗಿ ಹೋಗುವುದು. ಕಡಿದಾದ ಇಳಿಜಾರನ್ನು ಅಡ್ಡವಾಗಿ ದಾಟುವ ಸವಾರನು ವಾಹನವನ್ನು ಬೆಟ್ಟದ ಕಡೆಗೆ ವಾಲಿಸುತ್ತಾನೆ. ಆಗ ಮೇಲ್ಬದಿಯ ಸ್ಕೀಯೂ ಪಟ್ಟೆಯ ಮೇಲಂಚೂ ಹಿಮದಲ್ಲಿ ನೆಟ್ಟಿರುತ್ತವೆ. ಕೆಳಬದಿಯ ಸ್ಕೀ ಗಾಳಿಯಲ್ಲಿ ತೂಗುತ್ತದೆ. ಇಡೀ ಯಂತ್ರವನ್ನು ಬೆಟ್ಟಕ್ಕೆ ಕಚ್ಚಿಹಿಡಿದಿರುವುದು ಒಂದು ಹಲಗೆಯ ಅಂಚು. ಇಲ್ಲಿ ಅತಿಯಾದ ಅಗಲವೇ ಅಪಾಯವನ್ನು ತರಬಹುದು: ಅಗಲವಾದ ಚಪ್ಪಟೆ ಅಡಿಯು ಹಿಮದ ಮೇಲೆ ಜಾರಿ, ವಾಹನವನ್ನು ಕೆಳಕ್ಕೆ ಒಯ್ಯುತ್ತದೆ. ಆದಕಾರಣ ಕೆಲವು ತಯಾರಕರು ಎಡದ ಸ್ಕೀಗೂ ಬಲದ ಸ್ಕೀಗೂ ಬೇರೆ ಬೇರೆ ರೂಪ ಕೊಟ್ಟು ಒಳಂಚು ಹೊರಂಚುಗಳನ್ನು ಭಿನ್ನವಾಗಿ ಎರಕ ಹೊಯ್ಯುತ್ತಾರೆ. ನೂರ ಐವತ್ತು ವರ್ಷಗಳ ಹಿಂದೆ ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೋಂಡ್ರೆ ನೂರ್ಹೈಮ್ ಸ್ಕೀಯ ನಡುವನ್ನು ಸಣ್ಣದು ಮಾಡಿ ಅದನ್ನು ಸುಲಭವಾಗಿ ತಿರುಗುವಂತೆ ಮಾಡಿದಾಗ ಎದುರಿಸಿದ್ದೂ ತೇಲುವಿಕೆಗೂ ತಿರುಗುವಿಕೆಗೂ ನಡುವಣ ಇದೇ ವ್ಯಾಜ್ಯ.

ಸ್ಕೀಯನ್ನು ಯಾವ ವಸ್ತುವಿನಿಂದ ಮಾಡಬೇಕೆಂಬ ವಿವಾದ ಈಗ ಬಹುಮಟ್ಟಿಗೆ ತೀರಿದೆ. ಮರದ ತರುವಾಯ ಉಕ್ಕು, ಉಕ್ಕಿನ ತರುವಾಯ ಹೋದ ಶತಮಾನದ ಕೊನೆಯ ದಶಕಗಳಿಂದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು. ಅತ್ಯಂತ ಉದ್ದವಾದ ಅಣುಸರಪಳಿಗಳುಳ್ಳ ಈ ಜಾತಿಗೆ ಹಿಮ ಅಂಟುವುದು ಕಡಮೆ. ಬಂಡೆಗೆ ಬಡಿದಾಗ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಏಣನ್ನು ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಬಿಡಿ ಸ್ಕೀಗಳ ವ್ಯಾಪಾರ ಇಷ್ಟು ಬೆಳೆಯಲು ಕಾರಣ ಈ ಎರಕದ ಅನುಕೂಲವೇ ಎಂದು ನಮಗೆ ತೋರುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಸವಾರರಲ್ಲಿ ಹಲವರು ಅತ್ಯಂತ ಅಗಲವಾದುದಕ್ಕೆ ಕೈಚಾಚುತ್ತಾರೆ. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಪುಡಿಹಿಮದ ಕಣಿವೆ ಮನೆಯ ಬಾಗಿಲಲ್ಲಿ ಇರುವುದಿಲ್ಲ. ಅಲ್ಲಿಗೆ ಮುಟ್ಟಲು ಮೊದಲು ಹಲವು ಮೈಲಿಗಳ ಗಟ್ಟಿಹಾದಿಯನ್ನು ದಾಟಬೇಕು, ಸಂಜೆ ಅದೇ ಹಾದಿಯಲ್ಲಿ ದಣಿದ ಕೈಗಳಿಂದ ಹಿಂದಿರುಗಬೇಕು. ಒಂಬತ್ತು ಅಂಗುಲದ ಸ್ಕೀಯು ಆ ಹಾದಿಯಲ್ಲಿ ಹ್ಯಾಂಡಲನ್ನು ಭಾರಮಾಡುತ್ತದೆ. ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ. ಹಿಂದೆ ಹೋದವರ ಏಣುಗಳು ಕೊರೆದ ಗೆರೆಗಳಿಗೆ ಸಿಕ್ಕಿ ಅತ್ತಿತ್ತ ಎಳೆಯುತ್ತದೆ. ಪರ್ವತದ ವಾಹನಗಳಲ್ಲಿ ವಾಲಿಸುವುದಕ್ಕೆ ಸುಲಭವಾಗಲೆಂದು ಎರಡು ಸ್ಕೀಗಳ ನಡುವಣ ಅಂತರವನ್ನು ಕಿರಿದಾಗಿಸಿರುತ್ತಾರೆ. ಅಗಲವಾದ ಸ್ಕೀಯು ಆ ಅನುಕೂಲವನ್ನೂ ಸ್ವಲ್ಪ ತಿಂದುಹಾಕುತ್ತದೆ. ಯೂಟಾದ ಒಣಹಿಮದಲ್ಲಿ ದಿನವಿಡೀ ಹಾದಿಬಿಟ್ಟು ತಿರುಗುವ, ಭಾರವಾದ ಮೈಯ ಸವಾರನಿಗೆ ಎಂಟು ಅಂಗುಲವೂ ಮೇಲೂ ನ್ಯಾಯವಾದೀತು. ಸಮುದ್ರದ ತೇವವನ್ನು ಹೀರಿದ ಪಶ್ಚಿಮ ತೀರದ ಭಾರಹಿಮದಲ್ಲಿ ಅಷ್ಟು ಅಗಲದ ಅಗತ್ಯವೇ ಇಲ್ಲ, ಹಿಮವೇ ಹೊರುತ್ತದೆ. ಅಲ್ಲಿ ಆಳವಾದ ಏಣಿಗೆ ಹಣ ಕೊಡುವುದು ಮೇಲು. ಹಾದಿಯೂ ಕಣಿವೆಯೂ ಸಮಪಾಲಾಗಿರುವವನಿಗೆ ಏಳು ಅಂಗುಲದ, ಮುಂದೆ ಅಗಲವಾಗಿ ನಡುವೆ ಸಣ್ಣಗಾದ, ಒಂದೇ ಆಳವಾದ ಏಣುಳ್ಳ ಸ್ಕೀಯನ್ನು ನಾವು ಹೇಳುವೆವು. ಕಾರ್ಖಾನೆಗಳು ಈಚೆಗೆ ಪರ್ವತವಾಹನಗಳಿಗೆ ಕೊಡುತ್ತಿರುವ ಸ್ಕೀಗಳೂ ಸಾಕಷ್ಟು ಅಗಲವಾಗಿವೆ. ಅವುಗಳನ್ನು ಕಳಚುವ ಮುನ್ನ ಒಂದು ಚಳಿಗಾಲವಾದರೂ ಬಳಸಿ ನೋಡುವುದು ವಿವೇಕ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಅಪೂರ್ವ. ಉತ್ತಮವಾದ ಸ್ಕೀಯು ಸವಾರನನ್ನು ಅವನು ಮೊದಲು ಮುಟ್ಟಲಾರದಿದ್ದ ಇಳಿಜಾರುಗಳಿಗೆ ಒಯ್ಯುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿ ವಾಲಿದ ಮೈಯಲ್ಲಿಯೇ ಹಿಮಕುಸಿತಗಳು ಹೆಚ್ಚಾಗಿ ಸಂಭವಿಸುತ್ತವೆ. ಅಮೆರಿಕದಲ್ಲಿ ಹಿಮಕುಸಿತದಿಂದ ಸಾಯುವವರಲ್ಲಿ ಹಿಮವಾಹನದ ಸವಾರರ ಪಾಲು ದೊಡ್ಡದು. ಹೊಸಹಿಮ ಆಳವಾಗಿ ಬಿದ್ದ ಮರುದಿನ, ಅಂದರೆ ಅಗಲವಾದ ಸ್ಕೀಯು ಅತ್ಯಂತ ಸುಖಕೊಡುವ ದಿನವೇ, ಆ ಅಪಾಯ ಅತ್ಯಧಿಕವಾಗಿರುವುದುಂಟು. ಹೂತವರನ್ನು ಹುಡುಕುವ ರೇಡಿಯೊ ಸಾಧನ, ಸಲಿಕೆ, ಶೋಧಿಸುವ ಕೋಲು—ಇವುಗಳಿಗೆ ಹಣ ಉಳಿಯದಂತೆ ಸ್ಕೀಯನ್ನು ಕೊಂಡವನು ಲೆಕ್ಕವನ್ನು ತಲೆಕೆಳಗು ಮಾಡಿದವನು.

ಆರಿಸಿಯಾದ ಮೇಲೆ ಜೋಡಣೆಯ ಕೆಲಸ ಉಳಿಯುತ್ತದೆ. ಒಬ್ಬೊಬ್ಬ ತಯಾರಕನ ವಾಹನದಲ್ಲಿ ಸ್ಕೀಯನ್ನು ಹಿಡಿಯುವ ಕಂಬದ ಬುಡ ಒಂದೊಂದು ಅಳತೆಯದು. ಸ್ಕೀಯೊಡನೆ ಆ ವಾಹನಕ್ಕೆ ಹೊಂದುವ ಜೋಡಣೆಯ ಸಾಮಾನನ್ನೂ ಕೇಳಿ ಪಡೆಯಬೇಕು. ಕಂಬಕ್ಕೂ ಸ್ಕೀಗೂ ನಡುವೆ ಇಡುವ ರಬ್ಬರು ಗಟ್ಟಿ ಸಣ್ಣ ವಸ್ತುವಾದರೂ, ಅದನ್ನು ಹಿಂದುಮುಂದಾಗಿ ಇಟ್ಟರೆ ಮೂತಿ ಕೆಳಗಾಗಿ ಒಳ್ಳೆಯ ಸ್ಕೀಯೂ ಧುಮುಕುತ್ತದೆ. ಹ್ಯಾಂಡಲನ್ನು ನೇರವಾಗಿಟ್ಟು ಎರಡು ಸ್ಕೀಗಳ ಮೂತಿಗಳ ಅಂತರವನ್ನೂ ಹಿಂತುದಿಗಳ ಅಂತರವನ್ನೂ ಅಳೆದರೆ, ಮುಂದಿನದು ಸಮವಾಗಿ ಅಥವಾ ಕೂದಲೆಳೆಯಷ್ಟು ಹೆಚ್ಚಾಗಿ ಬರಬೇಕು. ಒಳಮುಖವಾಗಿದ್ದರೆ ವಾಹನವು ಹಾದಿಯಲ್ಲಿ ನೆಟ್ಟಗೆ ನಿಲ್ಲದು. ಕಾರ್ಬೈಡಿನ ಸರಳು ಹೊಸ ಸ್ಕೀಯೊಡನೆ ಬಾರದಿರುವುದೂ ಉಂಟು. ಹಳೆಯ ಸರಳಿನ ಬೋಲ್ಟುಗಳು ಹೊಸ ಏಣಿನ ರಂಧ್ರಗಳಿಗೆ ಹೊಂದುವುವೆ ಎಂಬುದನ್ನು ಮೊದಲ ಹಿಮ ಬೀಳುವ ಮುಂಚೆಯೇ ನೋಡಿಟ್ಟುಕೊಳ್ಳತಕ್ಕದ್ದು.